ಇಬ್ಬರು ಶೇವಂತಾಬಾಯಿಯರು

ಬೀದರದಿಂದ ಔರಾದಕ್ಕೆ ಬೆಳಿಗ್ಗೆ ಹೋಗುವ ಬಸ್ಸಿನಲ್ಲಿ ಶೇವಂತಾಬಾಯಿ ಕಂಡಕ್ಟರ್ ಆಗಿದ್ದ ವರ್ಷಗಳಲ್ಲಿ ನಾನು ಅದೇ ಬಸ್ಸಿನ ಖಾಯಂ ಪ್ರಯಾಣಿಕ. ಔರಾದದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಹೇಳುವ ಕೆಲಸ ನನ್ನದು, ಮನೆ ಬೀದರದಲ್ಲಿ. ಮಹಿಳೆಯರ ಸೀಟಿನಲ್ಲಿ ಕೂತ ಗಂಡಸರನ್ನು ಎಬ್ಬಿಸುವುದಕ್ಕೆ ಬೇರೆ ಕಂಡಕ್ಟರುಗಳು ಹಿಂದೆ ಮುಂದೆ ನೋಡುತ್ತಿದ್ದರು. ಶೇವಂತಾಬಾಯಿ ಹಾಗಲ್ಲ. “ಮಾಮಾ, ಮ್ಯಾಲ ಏನ್ ಬರದಾರ ಒಂದ್ಸಲ ಓದ್ರಿ. ಕಣ್ಣ ಕಾಣಲಿಲ್ಲಂದ್ರ ನಾ ಓದಿ ಹೇಳ್ತೇನಿ” ಎನ್ನುತ್ತಿದ್ದರು. ಬಸ್ಸೆಲ್ಲ ನಗುತ್ತಿತ್ತು, ಮಾಮಾ ಎದ್ದು ನಿಲ್ಲುತ್ತಿದ್ದ. ಡ್ರೈವರ್ ಅಬ್ದುಲ ವಾಹೀದ ಕನ್ನಡಿಯಲ್ಲಿ ಇದನ್ನೆಲ್ಲ ನೋಡಿಕೊಂಡೇ ಗೇರು ಹಾಕುತ್ತಿದ್ದರು.

ಶೇವಂತಾಬಾಯಿಯ ತವರು ಭಾಲ್ಕಿ. ಅಪ್ಪ ಪಂಢರಿ ಅಲ್ಲಿನ ಶಾಲೆಯೊಂದರಲ್ಲಿ ಜವಾನರಾಗಿದ್ದರು. ಬೌದ್ಧ ಮನೆತನ, ಹೆಣ್ಣುಮಗುವನ್ನು ಓದಿಸಬೇಕೋ ಬೇಡವೋ ಎನ್ನುವ ಚರ್ಚೆಯೇ ಆ ಮನೆಯಲ್ಲಿ ಎಂದೂ ನಡೆಯಲಿಲ್ಲ. ಪಿಯುಸಿ ಮುಗಿಸಿ, ಬೀದರದ ನರಸಿಂಗ ಮೇತ್ರೆಯವರನ್ನು ಮದುವೆಯಾಗಿ, ನೌಬಾದದ ಬಾಡಿಗೆ ಮನೆಗೆ ಬಂದರು. ನರಸಿಂಗ ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಇಟ್ಟುಕೊಂಡಿದ್ದರು. ಎರಡನೇ ಮಗಳಿಗೆ ನಡೆಯಲು ಬಂದ ವರ್ಷ ಸಾರಿಗೆ ಸಂಸ್ಥೆಯವರು ಹೆಣ್ಣುಮಕ್ಕಳನ್ನು ಕಂಡಕ್ಟರ್ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದಾರೆಂದು ಗೊತ್ತಾಗಿ ಅರ್ಜಿ ಹಾಕಿದರು. ಖಾಕಿ ಅಂಗಿ ತೊಟ್ಟು ಮೊದಲ ದಿನ ಮನೆಯಿಂದ ಹೊರಟಾಗ ಓಣಿಯವರು ಬಾಗಿಲಿಗೆ ಬಂದು ನಿಂತು ನೋಡಿದರಂತೆ. “ನೋಡ್ಲಿ ಬಿಡ್ರಿ ಸರ್, ಮರುದಿನ ಅವರೇ ನನ್ನ ಬಸ್ಸಿಗಿ ಕೈ ಮಾಡಿದ್ರು” ಎಂದು ಒಮ್ಮೆ ನನಗೆ ಹೇಳಿದ್ದರು.

ನಾನು ಹೇಳಹೊರಟಿರುವುದು ಎರಡು ಸಾವಿರದ ಹದಿನಾರನೇ ಇಸವಿಯ ಮಾತು. ಬರದ ಮೇಲೆ ಬರ ಬಿದ್ದಿತ್ತು. ಕಾರಂಜಾ ಜಲಾಶಯದ ತಳ ಬಿರುಕು ಬಿಟ್ಟಿತ್ತು. ಕೌಠಾದ ಸೇತುವೆ ದಾಟುವಾಗ ಕೆಳಗೆ ಮಾಂಜ್ರಾ ನದಿ ಇರಬೇಕಾದ ಜಾಗದಲ್ಲಿ ಮರಳಿನ ನಡುವೆ ಒರತೆ ತೋಡಿ ಕೂತ ಹೆಂಗಸರು ಕಾಣುತ್ತಿದ್ದರು. ನಾವು ಬೆಳಿಗ್ಗೆ ಔರಾದಕ್ಕೆ ಹೋಗುವ ಬಸ್ಸು ಅರ್ಧ ಖಾಲಿ. ಅದೇ ಬಸ್ಸು ತಿರುಗಿ ಬೀದರಕ್ಕೆ ಬರುವಾಗ ಹಾಸಿಗೆ ಸುರುಳಿ, ಸ್ಟೋವು, ಪಾತ್ರೆ ಕಟ್ಟಿಕೊಂಡ ಜನರಿಂದ ತುಂಬಿರುತ್ತಿತ್ತು. ಅವರೆಲ್ಲ ಬೀದರದಲ್ಲಿ ಇಳಿದು ಹೈದರಾಬಾದಿನ ಬಸ್ಸು ಹಿಡಿಯುವವರು.

ನೌಬಾದದಲ್ಲೂ ನೀರಿಗೆ ತತ್ವಾರವಾಯಿತು. ಶೇವಂತಾಬಾಯಿಯ ಮನೆ ಮಾಲೀಕರು ಬೋರು ಬತ್ತಿತೆಂದು ಹೇಳಿ, ನಿಮ್ಮ ನೀರು ನೀವೇ ನೋಡಿಕೊಳ್ಳಿ ಎಂದುಬಿಟ್ಟರು. ಶೇವಂತಾಬಾಯಿ ಸಂಬಳದಲ್ಲಿ ಉಳಿಸಿ ನೌಬಾದದ ಅಂಚಿಗೆ ಒಂದು ನಿವೇಶನ ಕೊಂಡಿಟ್ಟಿದ್ದರು. ಇನ್ನು ಬಾಡಿಗೆಮನೆ ಸಾಕು, ಸಾಲ ತೆಗೆದು ಮನೆ ಕಟ್ಟಿಯೇ ಬಿಡೋಣ ಎಂದು ಗಂಡಹೆಂಡತಿ ನಿರ್ಧರಿಸಿದರು. ಪ್ರತಿ ತಿಂಗಳು ಸಂಬಳ ಜಮಾ ಆಗುವ ಬ್ಯಾಂಕು, ಹದಿಮೂರು ವರ್ಷದ ನೌಕರಿ. ಸಾಲ ಸಿಗುವುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಬ್ಯಾಂಕಿನಲ್ಲಿ ಸಾಲದ ವಿಭಾಗ ನೋಡುತ್ತಿದ್ದವರು ಭಾಲಚಂದ್ರ ಎಂಬುವರು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ ಮಾತಾಡುವ ಮೃದು ಸ್ವಭಾವದ ಮನುಷ್ಯ. ಅರ್ಜಿ ಕೊಟ್ಟು ಒಂದು ವಾರವಾದ ಮೇಲೆ ಶೇವಂತಾಬಾಯಿಯನ್ನು ಕರೆಸಿ ಎದುರಿಗೆ ಕೂರಿಸಿಕೊಂಡರು.

“ಅಕ್ಕಾರ, ಒಂದ್ ಅಡಚಣಿ ಆಗ್ಯದರಿ. ನಿಮ್ಮ ಸ್ಕೋರ್ ಭಾಳ ಕಮ್ಮಿ ಬಂದದ.”

“ಸ್ಕೋರ್ ಅಂದ್ರ? ನಾ ಯಾವ ಪರೀಕ್ಷಾ ಬರದೀನ್ರಿ ಸಾಹೇಬ್ರ?”

“ಪರೀಕ್ಷಾ ಅಲ್ರಿ. ನೀವು ಎಲ್ಲೇ ಸಾಲ ತಗೊಂಡಿರ್ರಿ, ಕಂತು ಟೈಮಿಗಿ ಕಟ್ಟಿದ್ರಿ, ತಪ್ಪಿಸಿದ್ರಿ, ಎಲ್ಲಾ ಹಿಸೇಬು ಇಡೋ ಕಂಪನಿ ಅವ. ಅದರ ಮ್ಯಾಲ ನಿಮಗೊಂದು ಅಂಕ ಹಾಕ್ತಾರ. ಅದು ನೋಡೇ ನಾವು ಸಾಲ ಕೊಡಬೇಕು, ಕೊಟ್ರ ಬಡ್ಡಿ ಎಷ್ಟ ಅಂತ ಹೇಳಬೇಕು. ನಿಮ್ಮ ಹೆಸರಿನ ಮ್ಯಾಲ ಒಂದು ಬೈಕಿನ ಸಾಲ ಕಟ್ಟದೆ ಬಿಟ್ಟದ್ದು ತೋರಸ್ಲಿಕತ್ತದ.”

ಶೇವಂತಾಬಾಯಿ ನಕ್ಕುಬಿಟ್ಟರು. “ಸಾಹೇಬ್ರ, ನನಗ ಸೈಕಲ್ ಹೊಡಿಲಿಕ್ಕೂ ಬರಂಗಿಲ್ಲ. ನಮ್ಮ ಮನ್ಯಾರು ಅಂಗಡಿಗಿ ನಡಕೋತ ಹೋಗ್ತಾರ.”

ಭಾಲಚಂದ್ರ ನಗಲಿಲ್ಲ. ಕಂಪ್ಯೂಟರಿನ ಪರದೆಯನ್ನು ಅವರ ಕಡೆಗೆ ತಿರುಗಿಸಿದರು. ಶೇವಂತಾಬಾಯಿ ನರಸಿಂಗ ಮೇತ್ರೆ. ಜನ್ಮದಿನ ಜೂನ್ ಒಂದು, ಸಾವಿರದ ಒಂಬೈನೂರ ಎಪ್ಪತ್ತೊಂಬತ್ತು. ಎಲ್ಲವೂ ಅವರದೇ. ವಿಳಾಸ ಮಾತ್ರ ಎರಡಿದ್ದವು. ಒಂದು ನೌಬಾದದ್ದು, ಇನ್ನೊಂದು ಔರಾದ ತಾಲ್ಲೂಕಿನ ಸಂತಪುರದ ಹತ್ತಿರದ ಒಂದು ಹಳ್ಳಿಯದು.

ಜೂನ್ ಒಂದರ ಗುಟ್ಟು ನಮ್ಮ ಕಡೆಯವರಿಗೆಲ್ಲ ಗೊತ್ತು. ಮಗುವನ್ನು ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ಹೆಡ್‌ಮಾಸ್ತರರು ಜೂನ್ ಒಂದು ಎಂದು ಬರೆದುಕೊಳ್ಳುತ್ತಿದ್ದರು. ಹಾಗಾಗಿ ನನ್ನ ವಯಸ್ಸಿನ ಅರ್ಧ ಜಿಲ್ಲೆ ಒಂದೇ ದಿನ ಹುಟ್ಟಿದೆ, ನಾನೂ ಸೇರಿ. ಎಲ್ಲೋ ಇರುವ ಕಂಪ್ಯೂಟರಿಗೆ ಇದು ತಿಳಿಯುವುದು ಹೇಗೆ? ಹೆಸರು, ಗಂಡನ ಹೆಸರು, ಮನೆತನ, ಹುಟ್ಟಿದ ದಿನ ಹೊಂದಿಕೊಂಡ ಕೂಡಲೇ ಅದು ಇಬ್ಬರು ಹೆಂಗಸರನ್ನು ಒಬ್ಬರನ್ನಾಗಿ ಮಾಡಿಬಿಟ್ಟಿತ್ತು.

ಭಾಲಚಂದ್ರರೇ ಸಹಾಯ ಮಾಡಿ, ಈ ಸಾಲ ನನ್ನದಲ್ಲ ಎಂದು ಅಂಕ ಹಾಕುವ ಕಂಪನಿಗೆ ಆನ್‌ಲೈನಿನಲ್ಲಿ ತಕರಾರು ಬರೆಸಿದರು. ಒಂದು ತಿಂಗಳಾದ ಮೇಲೆ ಉತ್ತರ ಬಂತು. ಸಾಲ ಕೊಟ್ಟ ಫೈನಾನ್ಸ್ ಕಂಪನಿಯವರು ದಾಖಲೆ ಸರಿ ಇದೆ ಎಂದಿದ್ದಾರೆ, ಆದ್ದರಿಂದ ಬದಲಾವಣೆ ಇಲ್ಲ ಎಂದಷ್ಟೇ ಅದರಲ್ಲಿತ್ತು.

ಆ ತಿಂಗಳಲ್ಲಿ ಸಣ್ಣ ಸಣ್ಣ ಪೆಟ್ಟುಗಳೂ ಬಿದ್ದವು. ಮಗಳಿಗೆ ಕಂತಿನ ಮೇಲೆ ಮೊಬೈಲು ಕೊಡಿಸಲು ಹೋದರೆ ಅಂಗಡಿಯ ಹುಡುಗಿ ಹೆಸರು ಒತ್ತಿ ನೋಡಿ, “ಆಂಟಿ, ನಿಮಗ ಆಗಂಗಿಲ್ರಿ” ಎಂದಳು. ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಏಕನಾಥ ತನ್ನ ಸಾಲಕ್ಕೆ ಜಾಮೀನು ನಿಲ್ಲಿ ಎಂದು ಮೊದಲು ಇವರನ್ನೇ ಕೇಳಿದ್ದ. ಸುದ್ದಿ ಗೊತ್ತಾದ ಮೇಲೆ ಏನೂ ಹೇಳದೆ ಬೇರೊಬ್ಬರನ್ನು ಹುಡುಕಿಕೊಂಡ. ಮನೆ ಸಾಲ ತಪ್ಪಿದ್ದಕ್ಕಿಂತ ಇದು ಶೇವಂತಾಬಾಯಿಗೆ ಹೆಚ್ಚು ನಾಟಿತು. “ಸರ್, ಅಂವಾ ಬಂದು ಜಗಳಾಡಿದ್ರ ನಡೀತಿತ್ತು. ಸುಮ್ಮನ ಹೋದ ನೋಡ್ರಿ” ಎಂದು ನನ್ನ ಸೀಟಿನ ಪಕ್ಕ ನಿಂತು ಹೇಳಿದರು. ಹೇಳಿ, ಟಿಕೆಟಿನ ಯಂತ್ರ ಹಿಡಿದು ಹಿಂದಿನ ಸೀಟುಗಳ ಕಡೆ ಹೋದರು.

ಆದರೆ ಸುಮ್ಮನೆ ಕೂರುವ ಹೆಂಗಸಲ್ಲ ಅದು. ಮರುದಿನವೇ ಡ್ಯೂಟಿ ಮುಗಿಸಿ ಫೈನಾನ್ಸ್ ಕಂಪನಿಯ ಬೀದರ ಆಫೀಸಿಗೆ ಹೋದರು. ಅಲ್ಲಿನ ಗುಮಾಸ್ತ ಕೂತಲ್ಲಿಂದಲೇ, “ಆ ಶೇವಂತಾಬಾಯಿ ನೀವಲ್ಲ ಅನ್ನೋದಕ್ಕ ಪುರಾವೆ ತರ್ರಿ” ಎಂದ.

“ನಾ ಅಲ್ಲ ಅನ್ನೋದಕ್ಕ ಪುರಾವೆ ನಾ ತರಬೇಕಾ? ಸಾಲ ಕೊಟ್ಟೋರು ನೀವು. ಯಾರ ಫೋಟೋ ಹಚ್ಚಿ ಸಾಲ ಕೊಟ್ಟೀರಿ, ಆ ಕಾಗದ ತಗೀರಿ.”

“ಹಳೀ ಫೈಲ್ ಇಲ್ಲಿಲ್ರಿ. ಹೆಡ್ಡಾಫೀಸಿಗಿ ಹೋಗ್ಯಾವ. ಕೇಳಿದ್ರ ಆರು ತಿಂಗಳರೆ ಬೇಕು.”

“ಫೈಲ್ ಬ್ಯಾಡ ಬಿಡ್ರಿ. ಆಕೀನ್ನೇ ಕರ್ಕೊಂಡ್ ಬರ್ತೇನಿ” ಎಂದು ಎದ್ದು ಬಂದರು.

ಸಂತಪುರದ ಸ್ಟಾಪಿನಲ್ಲಿ ಹತ್ತಿ ಇಳಿಯುವವರನ್ನು ಕೇಳಲು ಶುರು ಮಾಡಿದರು. ಆ ಹಳ್ಳಿಯ ಮುದುಕಿಯೊಬ್ಬರು, ನಮ್ಮ ಶೇವಂತಮ್ಮನಾ, ಗಂಡ ಹೆಂಡತಿ ಇಬ್ಬರೂ ಹೈದರಾಬಾದ ಹಾದಿಯ ಪಟನಚೆರುವಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ ಎಂದು ಹೇಳಿದರು. ಊರವರ ಬಾಯಲ್ಲಿ ಅವರು ಶೇವಂತಮ್ಮ, ಶೇವಂತಾಬಾಯಿ ಎನ್ನುವುದು ಕಾಗದದಲ್ಲಿ ಮಾತ್ರ. ಡ್ರೈವರ್ ವಾಹೀದರ ಹೆಂಡತಿಯ ಅಣ್ಣ ಪಟನಚೆರುವಿನಲ್ಲಿ ಚಹಾದ ಹೋಟೆಲು ಇಟ್ಟಿದ್ದರು. “ಬಾಯಿ, ಫಿಕರ್ ಮಾಡಬ್ಯಾಡ್ರಿ. ಔರಾದ ಕಡಿ ಮಂದಿ ಎಲ್ಲೆ ಕೆಲಸ ಮಾಡ್ತಾರ ಅಂತ ಅವರಿಗಿ ಗೊತ್ತಿರ್ತದ” ಎಂದು ವಾಹೀದ ಫೋನು ಮಾಡಿ ಜಾಗ ಕೇಳಿಕೊಟ್ಟರು.

ವಾರದ ರಜೆಯ ದಿನ ಶೇವಂತಾಬಾಯಿ ಒಬ್ಬರೇ ಹೊರಟರು. ಖಾಕಿಯಲ್ಲಿ ಹೋದರೆ ಜನ ಜಲ್ದಿ ಉತ್ತರ ಕೊಡುತ್ತಾರೆಂದು ಯೂನಿಫಾರಂ ಹಾಕಿಕೊಂಡೇ ಹೋದರು. ಆದದ್ದು ಉಲ್ಟಾ. ತಗಡಿನ ಶೆಡ್ಡುಗಳ ಸಾಲಿಗೆ ಖಾಕಿ ಹೆಂಗಸು ಬಂದದ್ದನ್ನು ನೋಡಿ ಪೊಲೀಸರೆಂದು ತಿಳಿದ ಜನ ಒಬ್ಬೊಬ್ಬರಾಗಿ ಒಳಗೆ ಸರಿದರು. ಕೇಳಿದರೆ, ಶೇವಂತಮ್ಮ ಎಂಬ ಹೆಸರೇ ಕೇಳಿಲ್ಲ ಎಂದರು! ಶೇವಂತಾಬಾಯಿ ನಡುವೆ ನಿಂತು, ಬಸ್ಸಿನಲ್ಲಿ ಕೂಗುವ ದನಿಯಲ್ಲೇ, “ಯಾರ್ರಿ ಜನವಾಡ, ಕೌಠಾ, ಸಂತಪುರ, ಔರಾದ!” ಎಂದು ಕೂಗಿದರು. ಒಂದು ಶೆಡ್ಡಿನಿಂದ ನಗು ಬಂತು. “ಅಯ್ಯ, ನಮ್ಮ ಔರಾದ ಬಸ್ಸಿನ ಬಾಯಿ!” ಎನ್ನುತ್ತ ಹೆಂಗಸರು ಹೊರಗೆ ಬಂದರು.

ಅವರಲ್ಲೊಬ್ಬರು ತಂಬಿಗೆಯಲ್ಲಿ ನೀರು ತಂದು ಕೊಟ್ಟರು. ಕೈಗೆಲ್ಲ ಸಿಮೆಂಟು ಹತ್ತಿತ್ತು. ಸೆರಗನ್ನು ಸೊಂಟಕ್ಕೆ ಬಿಗಿದಿದ್ದರು. ನೀರು ಕುಡಿದು ಶೇವಂತಾಬಾಯಿ ಕೇಳಿದರು:

“ನಿಮ್ಮ ಹೆಸರೇನ್ರಿ ಅಕ್ಕಾ?”

“ಶೇವಂತಮ್ಮ ಅಂತಾರ್ರಿ. ಕಾಗದದಾಗ ಶೇವಂತಾಬಾಯಿ.”

“ನಂದೂ ಅದೇ. ನಿಮ್ಮ ಮನ್ಯಾರ ಹೆಸರು?”

ಗಂಡನ ಹೆಸರು ಹೇಳಲು ನಾಚಿಕೊಂಡು ಆಕೆ ಪಕ್ಕದವರ ಮುಖ ನೋಡಿದರು.

“ನರಸಿಂಗ. ಹೌದಿಲ್ಲೋ? ನಮ್ಮನ್ಯಾರೂ ನರಸಿಂಗನೇ” ಎಂದರು ಶೇವಂತಾಬಾಯಿ.

ಬಯ್ಯಬೇಕೆಂದು ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡು ಹೋಗಿದ್ದರಂತೆ. ಆ ನೀರಿನ ತಂಬಿಗೆ, ಆ ನಾಚಿಕೆ ನೋಡಿದ ಮೇಲೆ ಒಂದೂ ಬಾಯಿಗೆ ಬರಲಿಲ್ಲ. ಇಬ್ಬರೂ ಇಟ್ಟಿಗೆಯ ರಾಶಿಯ ಮೇಲೆ ಕೂತು ಮಾತಾಡಿದರು. ಶೇವಂತಮ್ಮನ ಮನೆಯಲ್ಲಿ ಎರಡು ಎಮ್ಮೆಗಳಿದ್ದವು. ಸಂತಪುರಕ್ಕೆ ಹಾಲು ಹಾಕಿ ಬರಲೆಂದು ಗಂಡನಿಗಾಗಿ ಬೈಕು ಕೊಂಡರು. ಗಂಡನ ಹತ್ತಿರ ಯಾವ ಕಾಗದವೂ ಇರಲಿಲ್ಲ, ಹೆಂಡತಿಯ ಹತ್ತಿರ ಶಾಲೆಯ ಟಿಸಿ ಮತ್ತು ಮತದಾರರ ಕಾರ್ಡು ಇತ್ತು, ಹಾಗಾಗಿ ಸಾಲ ಅವರ ಹೆಸರಿಗೆ ಆಯಿತು. ಮೇವು ಸಿಗದೆ ಎಮ್ಮೆ ಮಾರಿದ ಮೇಲೆ ಹಾಲೂ ಇಲ್ಲ, ಕಂತೂ ಇಲ್ಲ. ಕಂಪನಿಯವರು ಬಂದು ಬೈಕು ಒಯ್ದರು.

“ಗಾಡಿ ಒಯ್ದ ಮ್ಯಾಲ ಸಾಲ ಮುಗೀತು ಅಂತ ತಿಳಿದೀನ್ರಿ ನಾ. ಗಾಡೀನೂ ಅವರದೇ, ಸಾಲಾನೂ ಅವರದೇ ಅಂದ್ರ ಹ್ಯಾಂಗ್ರಿ?”

ಅಷ್ಟರಲ್ಲಿ ಶೇವಂತಮ್ಮನ ಗಂಡ ಬಂದರು. ವಿಷಯ ಕೇಳಿ ಅವರ ಮುಖ ಗಂಟಾಯಿತು. “ಈಗ ನಮಗ ಯಾರೂ ಕೇಳವಲ್ಲರು. ನಾವಾಗೇ ಹೋಗಿ ನಿಂತ್ರ ಹಿಡೀತಾರ. ಮಳಿ ಆದ್ರ ಸಂಘದಾಗ ಸಾಲ ತಗೊಂಡು ಎಮ್ಮಿ ಕಟ್ಟಬೇಕಂತ ಮಾಡೀವಿ. ಬ್ಯಾಡ್ರಿ, ಆಕೀಗಿ ಕರೀಬ್ಯಾಡ್ರಿ.”

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಶೇವಂತಾಬಾಯಿ ಮುಚ್ಚಿಡಲೂ ಇಲ್ಲ. “ಖರೇ ಹೇಳ್ತೇನ್ರಿ ಅಣ್ಣಾ. ಬಂದ್ರ ಆ ಕೆಟ್ಟ ಅಂಕ ನನ್ನ ಹೆಸರಿಂದ ಹೋಗಿ ಅಕ್ಕನ ಹೆಸರಿಗಿ ಬರ್ತದ. ಕೆಲವು ದಿನ ಸಾಲ ಸಿಗಲಿಕ್ಕಿಲ್ಲ. ಆದ್ರ ಗಾಡಿ ಎಷ್ಟಕ್ಕ ಮಾರಿದ್ರಿ, ಆ ರೊಕ್ಕ ಎಲ್ಲಿ ಜಮಾ ಮಾಡಿದ್ರಿ ಅಂತ ಕೇಳೋ ಹಕ್ಕು ಅಕ್ಕಗ ಅದ, ನನಗಿಲ್ಲ. ಆಕಿ ಕೇಳಲಿ, ಬಾಜೂಕ ನಾ ನಿಲ್ತೇನಿ. ನಿಮ್ಮ ಸಾಲ ನಾ ತೀರಸಂಗಿಲ್ಲ. ನಿಮಗ ಒಬ್ಬರಿಗೇ ಬಿಟ್ಟೂ ಹೋಗಂಗಿಲ್ಲ.”

ಶೇವಂತಮ್ಮ ಗಂಡನ ಕಡೆ ತಿರುಗಿದರು. “ನಮ್ಮ ಸಾಲಕ್ಕ ಈ ಅಕ್ಕನ ಮನಿ ನಿಂತದ. ಅದು ನನ್ನ ಮನಸ್ಸಿಗಿ ಬರವಲ್ಲದು. ನಾ ಹೋಗ್ತೇನಿ.” ಗಂಡ ಎದ್ದು ಹೋದರು. ಆದರೆ ಸೋಮವಾರ ಬೀದರದಲ್ಲಿ ಬಸ್ಸಿನಿಂದ ಇಳಿದದ್ದು ಗಂಡಹೆಂಡತಿ ಇಬ್ಬರೂ.

ಅಂದು ಫೈನಾನ್ಸ್ ಆಫೀಸಿನಲ್ಲಿ ನಡೆದದ್ದನ್ನು ಶೇವಂತಾಬಾಯಿ ಬಸ್ಸಿನಲ್ಲಿ ಎಷ್ಟು ಸಲ ಹೇಳಿದ್ದಾರೋ, ಕೇಳುವವರು ಪ್ರತಿ ಸಲ ಮುಂದಿನ ಸೀಟಿಗೆ ಸರಿದು ಕೂರುತ್ತಿದ್ದರು. ಇಬ್ಬರು ಶೇವಂತಾಬಾಯಿಯರೂ ಗುಮಾಸ್ತನ ಮೇಜಿನ ಮುಂದೆ ಭುಜಕ್ಕೆ ಭುಜ ಹಚ್ಚಿ ನಿಂತರು.

“ಇಬ್ಬರೂ ಒಬ್ಬಾಕೀನೇ ಅಂತ ಬರದು ಕಳಿಸೀರಲ್ಲ. ಆ ಒಬ್ಬಾಕಿ ನಮ್ಮೊಳಗ ಯಾರು, ತೋರಸ್ರಿ” ಎಂದರು ಶೇವಂತಾಬಾಯಿ.

ಗುಮಾಸ್ತ ಒಬ್ಬರ ಮುಖ ನೋಡಿದ, ಇನ್ನೊಬ್ಬರ ಮುಖ ನೋಡಿದ, ಎದ್ದು ಒಳಗೆ ಹೋಗಿ ಮ್ಯಾನೇಜರರನ್ನು ಕರೆತಂದ. ಮ್ಯಾನೇಜರ್ ಬಾಯಿ ತೆರೆಯುವ ಮೊದಲೇ ಶೇವಂತಮ್ಮ ತಮ್ಮ ಮತದಾರರ ಕಾರ್ಡನ್ನು ಮೇಜಿನ ಮೇಲಿಟ್ಟರು.

“ಸಾಲ ನಂದ್ರಿ. ಈ ಅಕ್ಕನದಲ್ಲ. ನಮ್ಮ ಗಾಡಿ ಎಷ್ಟಕ್ಕ ಮಾರಿದ್ರಿ, ಮೊದಲು ಅದು ಹೇಳ್ರಿ.”

ಬಸ್ಸಿನಲ್ಲಿ ಮೂಲೆಯ ಸೀಟು ಹುಡುಕಿ ಕೂರುವ ಹೆಂಗಸಿನ ದನಿ ಅಷ್ಟು ನೆಟ್ಟಗೆ ಬರುತ್ತದೆಂದು ಶೇವಂತಾಬಾಯಿಯೂ ಎಣಿಸಿರಲಿಲ್ಲವಂತೆ. ಮ್ಯಾನೇಜರ್ ಕುರ್ಚಿ ಹಾಕಿಸಿದರು. ಕಂಪ್ಯೂಟರಿನಲ್ಲಿ ಹುಡುಕಿಸಿದರು. ಬೈಕು ಮಾರಿದ ಹಣವನ್ನು ಸಾಲಕ್ಕೆ ಜಮಾ ಮಾಡಿದ್ದರು, ಅದು ಸರಿಯೇ. ಉಳಿದದ್ದು ಸ್ವಲ್ಪವೇ. ಆದರೆ ಆ ಸ್ವಲ್ಪದ ಮೇಲೆ ವರ್ಷಗಟ್ಟಲೆ ದಂಡ ಬೆಳೆದು ಅಸಲನ್ನು ಮೀರಿತ್ತು. ನೋಟೀಸುಗಳೆಲ್ಲ ಬೀಗ ಹಾಕಿದ ಹಳ್ಳಿಯ ಮನೆಗೆ ಹೋಗಿ ಬಿದ್ದಿದ್ದವು.

“ಒಂದ್ ಕೆಲಸ ಮಾಡ್ರಿ” ಎಂದರು ಮ್ಯಾನೇಜರ್. “ಅರ್ಧ ಕಟ್ರಿ. ಸೆಟ್ಲ್ ಆಯ್ತು ಅಂತ ಬರದು ಬಿಡ್ತೀವಿ.”

ಶೇವಂತಮ್ಮನ ಗಂಡನ ಮುಖ ಅರಳಿತು. ಶೇವಂತಾಬಾಯಿ ಅಡ್ಡ ಬಂದರು. ಇದರ ಬಗ್ಗೆ ಭಾಲಚಂದ್ರ ಅವರಿಗೆ ಮೊದಲೇ ಬಿಡಿಸಿ ಹೇಳಿದ್ದರು. “ಸೆಟ್ಲ್ ಅಂದ್ರ ಸಾಲ ಪೂರಾ ತೀರ್ಲಿಲ್ಲ, ಕಮ್ಮಿ ತಗೊಂಡು ಕೈಬಿಟ್ಟೀವಿ ಅಂತ ಆಗ್ತದರಿ. ಮುಂದ ಯಾರೇ ಸಾಲ ಕೊಡ್ಲಿಕ್ಕ ಬಂದ್ರೂ ಅದು ಓದಿ ಹಿಂದ ಸರೀತಾರ. ಆಕಿಗಿ ಎಮ್ಮಿ ಕಟ್ಟಬೇಕಾಗ್ಯದ. ದಂಡ ಬಿಡ್ರಿ, ಬಾಕಿ ಉಳಿದದ್ದು ಪೂರಾ ಕಂತಿನ ಮ್ಯಾಲ ಕಟ್ತಾಳ. ಸಾಲ ಪೂರ್ತಿ ತೀರ್ಯದ ಅಂತ ಬರದು ಕೊಡ್ರಿ.”

“ಅದು ನನ್ನ ಕೈಯಾಗಿಲ್ರಿ, ಹೆಡ್ಡಾಫೀಸಿಗಿ ಕೇಳಬೇಕು.”

“ಕೇಳ್ರಿ. ನಾವ್ ಮತ್ತ ಬರ್ತೇವಿ. ಔರಾದ ಬಸ್ ದಿನಾ ಅದ.”

ಮತ್ತೆ ಹೋದರು, ಇನ್ನೊಮ್ಮೆಯೂ ಹೋದರು. ಕಡೆಗೆ ದಂಡ ಬಿಡಲು ಹೆಡ್ಡಾಫೀಸು ಒಪ್ಪಿತು. ಅದೇ ದಿನ, ಈ ಸಾಲಕ್ಕೂ ನೌಬಾದದ ಶೇವಂತಾಬಾಯಿಗೂ ಸಂಬಂಧವಿಲ್ಲ ಎಂಬ ಪತ್ರವೂ ಸಿಕ್ಕಿತು. ಅದನ್ನು ಹಚ್ಚಿ ಎರಡನೇ ಸಲ ತಕರಾರು ಹಾಕಿದಾಗ ಅಂಕ ಹಾಕುವ ಕಂಪನಿ ಇಬ್ಬರನ್ನೂ ಬೇರೆ ಬೇರೆ ಮಾಡಿತು. ಭಾಲಚಂದ್ರ ಫೋನು ಮಾಡಿದಾಗ ಬಸ್ಸು ಕೌಠಾದ ಹತ್ತಿರವಿತ್ತು. “ಅಕ್ಕಾರ, ಈಗ ನಿಮ್ಮ ಸ್ಕೋರ್ ನನ್ನದಕ್ಕಿಂತ ಚೊಲೋ ಅದರಿ” ಎಂದರಂತೆ. ಶೇವಂತಾಬಾಯಿ ಅದನ್ನು ಬಸ್ಸಿಗೆಲ್ಲ ಕೇಳುವಂತೆ ವಾಹೀದರಿಗೆ ಹೇಳಿದರು. ವಾಹೀದ ಉದ್ದಕ್ಕೆ ಹಾರ್ನು ಹೊಡೆದರು.

ಆ ವರ್ಷದ ಸೆಪ್ಟೆಂಬರಿನಲ್ಲಿ ಮಳೆ ಒಮ್ಮೆಲೇ ಸುರಿಯಿತು. ಕಾರಂಜಾ ತುಂಬಿತು, ಮಾಂಜ್ರಾ ದಂಡೆ ಮೀರಿ ಹರಿಯಿತು. ಪಟನಚೆರುವಿಗೆ ಹೋದವರಲ್ಲಿ ಕೆಲವರು ತಿರುಗಿ ಬಂದರು, ಶೇವಂತಮ್ಮನ ಕುಟುಂಬವೂ ಬಂತು. ಕೂಲಿಯಲ್ಲಿ ಉಳಿಸಿದ ಹಣದಿಂದ ಕಂತು ಕಟ್ಟಿದರು. ಒಂದು ತಿಂಗಳೂ ತಪ್ಪಿಸಲಿಲ್ಲ.

ಮುಂದಿನ ಬೇಸಿಗೆಗೆ ನೌಬಾದದ ಮನೆಯ ಗೃಹಪ್ರವೇಶವಾಯಿತು. ಬುದ್ಧವಂದನೆ ಮುಗಿಸಿ ಊಟಕ್ಕೆ ಕೂತಾಗ ಡಿಪೋದ ಏಕನಾಥನೂ ಬಂದಿದ್ದ. ತಲೆ ತಗ್ಗಿಸಿ ಕೂತವನ ತಟ್ಟೆಗೆ ಶೇವಂತಾಬಾಯಿ ತಾವೇ ಎರಡು ಹೋಳಿಗೆ ಹಾಕಿ, “ಮುಂದಿನ ಸಲ ಜಾಮೀನು ಬೇಕಾದ್ರ ಮೊದಲು ನನಗೇ ಕೇಳು. ಬರೋಬರ್ ಇದ್ರ ನಿಲ್ತೇನಿ, ಇಲ್ಲಾಂದ್ರ ಇಲ್ಲ ಅಂತೇನಿ” ಎಂದರು. ಅವನು ಹೋಳಿಗೆ ತಿಂದ.

ಶೇವಂತಮ್ಮನಿಗೆ ದಾರಿ ಅಷ್ಟು ಸಲೀಸಾಗಲಿಲ್ಲ. ಸಾಲ ಪೂರ್ತಿ ತೀರಿದ ಮೇಲೂ ಹಳೆಯ ತಪ್ಪಿದ ಕಂತುಗಳ ಗುರುತು ಕೂಡಲೇ ಅಳಿಯುವುದಿಲ್ಲವಂತೆ. ಮೊದಲು ಕೇಳಿದ ಕಡೆ ಇಲ್ಲ ಎಂದರು. ಆಕೆ ಹಿಂಜರಿಯಲಿಲ್ಲ. ಸಾಲ ತೀರಿದ ಪತ್ರ ಹಿಡಿದು ಇನ್ನೊಂದು ಕಡೆ ಹೋಗಿ, ಯಾಕೆ ತಪ್ಪಿತು, ಹೇಗೆ ತೀರಿಸಿದೆ ಎಂದು ತಾವೇ ವಿವರಿಸಿದರು. ಅಲ್ಲಿ ಒಂದು ಎಮ್ಮೆಗೆ ಆಗುವಷ್ಟು ಸಿಕ್ಕಿತು. ಆ ಎಮ್ಮೆ ಈದ ವಾರ ನಮ್ಮ ಬಸ್ಸನ್ನು ಸಂತಪುರದಲ್ಲಿ ನಿಲ್ಲಿಸಿ, ಡ್ರೈವರಿಗೂ ಕಂಡಕ್ಟರಿಗೂ ಗಿಣ್ಣು ಕೊಟ್ಟು ಹೋದರು. ಸಮೀಪ ಕೂತಿದ್ದ ನನಗೂ ಪಾಲು ಸಿಕ್ಕಿತು.

ಶೇವಂತಾಬಾಯಿ ಈಗ ಬೀದರದ ಬಸ್ ನಿಲ್ದಾಣದಲ್ಲಿ ಬಸ್ಸುಗಳ ಸಮಯ ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ. ಡಿಪೋದವರು ಸಾಲಕ್ಕೆ ಅರ್ಜಿ ಹಾಕುವ ಮೊದಲು ಅವರ ಹತ್ತಿರ ಬಂದು ಕೂರುವುದು ರೂಢಿಯಾಗಿದೆ. ವರ್ಷಕ್ಕೊಮ್ಮೆ ನಿಮ್ಮ ವರದಿ ಪುಕ್ಕಟೆ ತರಿಸಿ ನೋಡಿಕೊಳ್ಳಿ, ನಿಮ್ಮದಲ್ಲದ್ದು ಏನಾದರೂ ಇದ್ದರೆ ಆವತ್ತೇ ತಕರಾರು ಹಾಕಿ ಎಂದು ಎಲ್ಲರಿಗೂ ಹೇಳುತ್ತಾರೆ. ಹೋದ ತಿಂಗಳು ನಾನು ಅತ್ತ ಹೋದಾಗ ಹೊಸದಾಗಿ ಕೆಲಸಕ್ಕೆ ಸೇರಿದ ಕುಬರಾ ಎಂಬ ಕಂಡಕ್ಟರ್ ಹುಡುಗಿಯನ್ನು ಕೂರಿಸಿಕೊಂಡು, ಅವಳ ಮೊಬೈಲಿನಲ್ಲಿ ಬೆರಳಿಟ್ಟು ಒಂದೊಂದೇ ಸಾಲು ಓದಿಸುತ್ತಿದ್ದರು. ನನ್ನನ್ನು ನೋಡಿ, “ಬರ್ರಿ ಸರ್, ಕೂಡ್ರಿ. ನಿಮ್ಮದೂ ಜೂನ್ ಒಂದೇ ಅಲ್ರಿ? ಫೋನ್ ತಗೀರಿ” ಎಂದರು.